ನೀಲಕಂಠನ ಗೇಣು

ನೀಲಕಂಠ ನನಗಿಂತ ಹದಿನೆಂಟು ವರ್ಷ ಚಿಕ್ಕವನು. ಮೊದಲು ಮಿಸ್ ಎನ್ನುತ್ತಿದ್ದವನು ಈಗ ಅಕ್ಕ ಎನ್ನುತ್ತಾನೆ. ಆ ಸಲಿಗೆಯಿಂದ ಅವನ ಕತೆಯನ್ನು ಏಕವಚನದಲ್ಲೇ ಹೇಳುತ್ತೇನೆ. ಇದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದರ್ಧ ಅವನೂ ಅವನ ಹೆಂಡತಿ ದ್ರಾಕ್ಷಾಯಿಣಿಯೂ ಹುಳುಮನೆಯ ಬಾಗಿಲಲ್ಲಿ ಕೂತು ನನಗೆ ಹೇಳಿದ್ದು.

ಅವನ ಊರು ವಿರೂಪಾಕ್ಷಿಪುರದಿಂದ ಎರಡು ಮೈಲಿ ಆಚೆ. ಅವನ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಒಂಬತ್ತು ವರ್ಷದಿಂದ ಮೇಡಂ. ಅವನ ತಂದೆ ಚನ್ನಲಿಂಗಪ್ಪನಿಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆಯಿದೆ. ಮಗನಿಗೆ ಆ ಕೆಲಸ ಹಿಡಿಸಲಿಲ್ಲ. ಹುಳುವಿನ ವಾಸನೆ ಆಗುವುದಿಲ್ಲ ಎಂದು ಐಟಿಐ ಓದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಸೇರಿದ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಅಲ್ಲಿ ಹನ್ನೊಂದು ವರ್ಷ ಪ್ರೆಸ್ ಮಿಷನ್ ನಡೆಸಿದ. ತಗಡನ್ನು ಒಳಗಿಟ್ಟು ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮೇಲಿನಿಂದ ಅಚ್ಚು ಇಳಿದು ತಗಡಿಗೆ ಆಕಾರ ಕೊಡುತ್ತಿತ್ತು. ದಿನಕ್ಕೆ ಸಾವಿರಗಟ್ಟಲೆ ಸಲ. ಹಾರೋಹಳ್ಳಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ, ಒಬ್ಬಳೇ ಮಗಳು ಸ್ಪಂದನಾ. ಎಂಟು ವರ್ಷದ ಈ ಹುಡುಗಿ ಆಗ ಎಷ್ಟು ಮಾತಾಡುತ್ತಿದ್ದಳೆಂದರೆ, ಪಕ್ಕದ ಮನೆಯ ರೋಶನ್ ಬೀ ಅವಳಿಗೆ ರೇಡಿಯೋ ಎಂದೇ ಹೆಸರಿಟ್ಟಿದ್ದರು.

ಕಳೆದ ವರ್ಷ ಜೂನ್ ತಿಂಗಳ ಒಂದು ಮಂಗಳವಾರ, ಬೆಳಗಿನ ಪಾಳಿಯಲ್ಲಿ, ಒತ್ತಿದ ತಗಡನ್ನು ಹೊರತೆಗೆಯಲು ನೀಲಕಂಠ ಬಲಗೈಯನ್ನು ಒಳಗೆ ಹಾಕಿದ್ದ. ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಮಿಷನ್ ತಾನಾಗಿ ಇನ್ನೊಂದು ಸಲ ಇಳಿಯಿತು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಬುಡಕ್ಕೇ ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ದ್ರಾಕ್ಷಾಯಿಣಿ ಮಗಳನ್ನು ರೋಶನ್ ಬೀ ಮನೆಯಲ್ಲಿ ಬಿಟ್ಟು ಓಡಿದಳು. ಹೋಗುವಾಗ ಮಗಳಿಗೆ, "ಅಪ್ಪ ಕಂಪನಿ ಕೆಲ್ಸಕ್ಕೆ ಹೊಸೂರಿಗೆ ಹೋಗವ್ರೆ, ನಾನೂ ಹೋಗ್ಬುಟ್ಟು ಬತ್ತೀನಿ" ಎಂದಳು. ಮೂರನೆಯ ದಿನ ಊರಿನಿಂದ ಬಂದ ಚನ್ನಲಿಂಗಪ್ಪನನ್ನು ಮೊಮ್ಮಗಳು, ಅಪ್ಪ ಎಲ್ಲಿ ಎಂದು ಕೇಳಿದಳು. ಅವನಿಗೆ ಸೊಸೆ ಏನು ಹೇಳಿದ್ದಾಳೆಂದು ಗೊತ್ತಿರಲಿಲ್ಲ. "ಮೈಸೂರಿಗೆ ಹೋಗವ್ನೆ ಕಣವ್ವ" ಅಂದ. ಅದೇ ಸಂಜೆ ರೋಶನ್ ಬೀ ಮನೆಯ ಮೆಟ್ಟಿಲ ಮೇಲೆ ಕೂತು ಊರಿನ ಗೆಳೆಯ ಪುಟ್ಟಸ್ವಾಮಿಗೆ ಫೋನ್ ಮಾಡಿ, "ಕೈ ಹೋಯ್ತು ಕಣ್ಲಾ ಪುಟ್ಟಸ್ವಾಮಿ, ಇನ್ನೇನೈತೆ" ಎಂದು ಅತ್ತ. ಹುಡುಗಿ ಬಾಗಿಲ ಹಿಂದೆಯೇ ನಿಂತಿದ್ದಳು.

ಒಬ್ಬರು ಹೊಸೂರು ಅಂದರು, ಒಬ್ಬರು ಮೈಸೂರು ಅಂದರು, ಕೊನೆಗೆ ಕೈ ಹೋಯ್ತು ಅಂದರು. ಮಗು ಈ ಮೂರನ್ನೂ ಜೋಡಿಸಿಕೊಂಡು ತನಗೆ ತೋಚಿದ ಅರ್ಥ ಮಾಡಿಕೊಂಡಿತು. ಯಾರನ್ನೂ ಮತ್ತೆ ಕೇಳಲಿಲ್ಲ.

ಹತ್ತನೆಯ ದಿನ ನೀಲಕಂಠ ಆಟೋದಿಂದ ಇಳಿದ. ಮೊಣಕೈವರೆಗೆ ಬಿಳಿ ಬ್ಯಾಂಡೇಜು. ಸ್ಪಂದನಾ ಅವನನ್ನು ಒಮ್ಮೆ ನೋಡಿದವಳು ಮಂಚದ ಕೆಳಗೆ ಹೋಗಿ ಕೂತಳು. ಎಷ್ಟು ಕರೆದರೂ ಬರಲಿಲ್ಲ. ಮಗಳು ತನ್ನ ಕೈ ಕಂಡು ಅಸಹ್ಯಪಟ್ಟಳು ಅಂದುಕೊಂಡ ನೀಲಕಂಠ. ಅವತ್ತೇ ಒಂದು ಟವೆಲ್ ತೆಗೆದು ಕೈಗೆ ಮುಚ್ಚಿಕೊಂಡ. ಬ್ಯಾಂಡೇಜು ಬಿಚ್ಚಿದ ಮೇಲೂ ಆ ಟವೆಲ್ ಹೋಗಲಿಲ್ಲ.

ಜುಲೈ ತಿಂಗಳಲ್ಲಿ ಅವರು ಹಾರೋಹಳ್ಳಿಯ ಮನೆ ಬಿಟ್ಟು ಊರಿಗೆ ಬಂದರು. ದ್ರಾಕ್ಷಾಯಿಣಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಊರ ಬಾಗಿಲಿಗೆ ಬರುತ್ತದೆ, ಸಂಜೆ ಏಳಕ್ಕೆ ತಂದು ಬಿಡುತ್ತದೆ. ಸ್ಪಂದನಾಳ ವರ್ಗಾವಣೆ ಪತ್ರ ಹಿಡಿದು ಶಾಲೆಗೆ ಬಂದವನು ಚನ್ನಲಿಂಗಪ್ಪ. ಹುಡುಗಿ ನನ್ನ ಮೂರನೇ ತರಗತಿಗೆ ಬಂದಳು.

ನಾನು ಕಂಡ ಸ್ಪಂದನಾ ರೇಡಿಯೋ ಆಗಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ಉಗುರುಗಳನ್ನು ರಕ್ತ ಬರುವಷ್ಟು ಕಚ್ಚಿಕೊಂಡಿರುತ್ತಿದ್ದಳು. ತಲೆ ಬಾಚಿರುತ್ತಿರಲಿಲ್ಲ. ತಾತ ರಬ್ಬರ್ ಬ್ಯಾಂಡ್ ಒಂದನ್ನು ಹೇಗೋ ಸುತ್ತಿ ಕಳಿಸುತ್ತಿದ್ದ. ಹೊಸ ಊರು, ಹೊಸ ಶಾಲೆ, ಒಂದು ತಿಂಗಳಲ್ಲಿ ಹೊಂದಿಕೊಳ್ಳುತ್ತಾಳೆ ಅಂದುಕೊಂಡು ನಾನು ಸುಮ್ಮನಿದ್ದೆ. ಅದು ನನ್ನ ಮೊದಲ ತಪ್ಪು.

ಎರಡನೆಯದು ದೊಡ್ಡ ತಪ್ಪು. ಆಗಸ್ಟಿನಲ್ಲಿ ಅಳತೆಯ ಪಾಠ ಬಂತು. ಸ್ಕೇಲು, ಟೇಪು ಹಿಡಿಯುವ ಮೊದಲು ಮಕ್ಕಳಿಗೆ ಗೇಣು, ಮೊಳ ಕಲಿಸುತ್ತೇವೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ ಕೈ ಅಗಲಿಸಿದರೆ ಒಂದು ಗೇಣು. ಮನೆಯ ಮಂಚದ ಉದ್ದವನ್ನು ಅಮ್ಮನ ಗೇಣಿನಲ್ಲಿ, ಅಪ್ಪನ ಗೇಣಿನಲ್ಲಿ, ನಿಮ್ಮ ಗೇಣಿನಲ್ಲಿ ಅಳೆದು ಬರೆದುಕೊಂಡು ಬನ್ನಿ ಅಂದೆ. ಮಾರನೆಯ ದಿನ ಎಲ್ಲರ ಪುಸ್ತಕ ನೋಡುತ್ತ ಬಂದೆ. ಸ್ಪಂದನಾ ಅಮ್ಮನದು ಬರೆದಿದ್ದಳು, ತನ್ನದು ಬರೆದಿದ್ದಳು. ಅಪ್ಪನ ಸಾಲಿನಲ್ಲಿ ಏನೋ ಬರೆದು, ಹಾಳೆ ತೂತಾಗುವವರೆಗೆ ರಬ್ಬರಿನಿಂದ ಉಜ್ಜಿದ್ದಳು.

"ಅಪ್ಪ ಮನೇಲಿರಲಿಲ್ವೇನಮ್ಮ?" ಎಂದು ಕೇಳಿಬಿಟ್ಟೆ, ಇಪ್ಪತ್ತೆರಡು ಮಕ್ಕಳ ಎದುರಿಗೆ.

"ಇಲ್ಲ" ಅಂದಳು. "ಹೊಸೂರಲ್ಲವ್ರೆ."

ನಮ್ಮ ಶಾಲೆಯಲ್ಲಿ ಆ ಮಗು ಆಡಿದ ಮೊದಲ ಮಾತು ಅದು. ನೀಲಕಂಠ ಟವೆಲ್ ಹೊದ್ದು ಜಗಲಿಯ ಮೇಲೆ ಕೂತಿರುವುದನ್ನು ನಾನು ದಿನವೂ ಶಾಲೆಗೆ ಬರುವಾಗ ನೋಡುತ್ತಿದ್ದೆ.

ಅಂದು ಸಂಜೆ ಗಾರ್ಮೆಂಟ್ಸ್ ಬಸ್ಸು ಬರುವ ಹೊತ್ತಿಗೆ ಅವರ ಮನೆಗೆ ಹೋದೆ. ದ್ರಾಕ್ಷಾಯಿಣಿ ಆಗತಾನೇ ಬಂದು ಕಾಲು ತೊಳೆಯುತ್ತಿದ್ದಳು. ಚನ್ನಲಿಂಗಪ್ಪ ಚಾಪೆ ಹಾಸಿದ. ನೀಲಕಂಠ ಒಳಕೋಣೆಯ ಮಂಚದಲ್ಲಿದ್ದವನು ನನ್ನನ್ನು ಕಂಡು ಎದ್ದ, ಟವೆಲ್ ಸರಿಮಾಡಿಕೊಂಡ. ಸ್ಪಂದನಾ ಪಕ್ಕದ ಮನೆಗೆ ಹಾಲಿಗೆ ಹೋಗಿದ್ದಳು. ನಡೆದದ್ದನ್ನು ಹೇಳಿದೆ. ಎಲ್ಲರೆದುರು ಕೇಳಿದ್ದು ನನ್ನ ತಪ್ಪು ಅಂತಲೂ ಹೇಳಿದೆ.

ನೀಲಕಂಠನ ಮುಖ ಕಪ್ಪಿಟ್ಟಿತು. "ಇಂಥ ಅಪ್ಪ ಇಲ್ದಿದ್ರೇ ವಾಸಿ ಅನ್ನಿಸಿರ್ಬೇಕು ಅದ್ಕೆ. ಬುಡಿ ಮಿಸ್."

"ಹೊಸೂರು ಅಂದಿದ್ದು ನಾನು" ಎಂದಳು ದ್ರಾಕ್ಷಾಯಿಣಿ. ಕೈಯಲ್ಲಿ ಚೊಂಬು ಹಾಗೇ ಇತ್ತು. "ಮಗ ಹೆದ್ರುತ್ತೆ ಅಂತ ಅಂದ್ಬುಟ್ಟೆ. ಆಮೇಲೆ ಸರಿಮಾಡಕ್ಕೆ ಬಾಯೇ ಬರ್ನಿಲ್ಲ."

"ನಾನು ಮೈಸೂರು ಅಂದೆ" ಎಂದ ಚನ್ನಲಿಂಗಪ್ಪ. "ಸುಳ್ಳು ಹೇಳೋದಾದ್ರೂ ಒಬ್ರುನ್ನೊಬ್ರು ಕೇಳ್ಕಂಡು ಹೇಳ್ಬೇಕಿತ್ತು."

ನನಗೆ ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ಸ್ಪಂದನಾ ಹಾಲಿನ ಕ್ಯಾನು ಹಿಡಿದು ಬಾಗಿಲಿಗೆ ಬಂದಳು. ನನ್ನನ್ನು ಕಂಡು ಅಲ್ಲೇ ನಿಂತಳು. ನಾನು ಎದ್ದು ಹೊರಡಬೇಕು ಅಂದುಕೊಂಡೆ, ದ್ರಾಕ್ಷಾಯಿಣಿ ಬೇಡ ಅನ್ನುವಂತೆ ನನ್ನ ಕೈ ಹಿಡಿದಳು. ಮಗಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಮಿಷನ್ ಇಳಿದದ್ದು, ಆಸ್ಪತ್ರೆ, ಎರಡು ಆಪರೇಷನ್, ತಾನು ಹೊಸೂರು ಅಂದಿದ್ದು ಸುಳ್ಳು, ತಾತ ಮೈಸೂರು ಅಂದಿದ್ದೂ ಸುಳ್ಳು. ಎಲ್ಲಿಯೂ ದನಿ ಎತ್ತಲಿಲ್ಲ, ಎಲ್ಲಿಯೂ ಬಿಡಲಿಲ್ಲ. ಕೊನೆಗೆ, "ನಿಂಗೆ ಏನು ಕೇಳ್ಬೇಕೋ ಕೇಳು ಮಗ. ಗೊತ್ತಿದ್ರೆ ಹೇಳ್ತೀವಿ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತೀವಿ" ಅಂದಳು.

ಸ್ಪಂದನಾ ನೆಲ ನೋಡುತ್ತಲೇ ಹೇಳಿದಳು.

"ಅವತ್ತು ಅಪ್ಪನ ಶೂ ಬಚ್ಚಿಟ್ಟಿದ್ದು ನಾನು."

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು. ಆ ಮಂಗಳವಾರ ಬೆಳಿಗ್ಗೆ ಆಟಕ್ಕೆ ಅಂತ ಅಪ್ಪನ ಒಂದು ಶೂವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು. ಅಪ್ಪ ಹುಡುಕಿ ಹುಡುಕಿ ಸಿಟ್ಟಾಗಿ, ಸಿಕ್ಕ ಮೇಲೆ ಓಡಿಕೊಂಡು ಹೋಗಿದ್ದ. "ಲೇಟಾಗಿದ್ದಕ್ಕೆ ಓಡೋಡಿ ಹೋದ್ರು. ಅದ್ಕೇ ಕೈ ಹೋಯ್ತು. ಅದ್ಕೇ ಅಪ್ಪ ನಂಗೆ ಕೈ ತೋರಿಸಲ್ಲ. ನನ್ ಮೇಲೆ ಕ್ವಾಪ."

ಎರಡು ತಿಂಗಳು ಆ ಮಗು ಇದನ್ನು ಹೊತ್ತುಕೊಂಡು ತಿರುಗಿತ್ತು. ನೀಲಕಂಠ ಕೋಣೆಯ ಬಾಗಿಲಲ್ಲಿ ನಿಂತವನು ಬಂದು ಅವಳೆದುರು ಕೂತ. ಟವೆಲ್ ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ನಿನ್ನಿಂದ ಅಲ್ಲ ಮಗ. ಆ ಮಿಷನ್ ಕೆಟ್ಟಿತ್ತು. ಹಿಂದಿನ ದಿವ್ಸಾನೇ ನಾವು ಕಂಪ್ಲೇಂಟ್ ಕೊಟ್ಟಿದ್ವಿ. ನಾನು ಲೇಟೂ ಆಗಿರ್ಲಿಲ್ಲ."

ಹುಡುಗಿ ನಂಬಲಿಲ್ಲ. ನಂಬುವುದಾದರೂ ಹೇಗೆ? ದೊಡ್ಡವರೆಲ್ಲ ಸುಳ್ಳು ಹೇಳಿದ್ದೆವು ಅಂತ ಈಗಷ್ಟೇ ಒಪ್ಪಿಕೊಂಡಿದ್ದರು. ನೀಲಕಂಠನಿಗೂ ಅದು ಹೊಳೆಯಿತು. ಎಡಗೈಯಿಂದ ಫೋನ್ ತೆಗೆದು, ಅವತ್ತು ಪಕ್ಕದ ಮಿಷನ್‌ನಲ್ಲಿದ್ದ ಬಾಲರಾಜುವಿಗೆ ಹಚ್ಚಿ ಸ್ಪೀಕರ್ ಹಾಕಿದ.

"ಬಾಲರಾಜು, ನಾನೇನೂ ಹೇಳ್ಕೊಡಲ್ಲ. ಆ ಮಂಗಳವಾರ ನಾನು ಎಷ್ಟೊತ್ತಿಗೆ ಬಂದೆ, ಮಿಷನ್‌ಗೆ ಏನಾಗಿತ್ತು, ನನ್ ಮಗಳಿಗೆ ಹೇಳು."

ಬಾಲರಾಜು ಹೇಳಿದ. "ನಿಮ್ಮಪ್ಪ ಅವತ್ತು ನನಗಿಂತ ಮುಂಚೆ ಬಂದಿದ್ರು ಪುಟ್ಟಿ. ಸೈರನ್ ಹೊಡಿಯೋಕೆ ಮುಂಚೆ ಬಂದು ಟೀ ಕುಡ್ದು, ನನ್ನನ್ನ ಲೇಟು ಅಂತ ಬೈದ್ರು. ಮಿಷನ್ ತಾನೇ ಎರಡು ಸಲ ಇಳೀತಿತ್ತು. ಸೋಮವಾರಾನೂ ಇಳ್ದಿತ್ತು. ಈಗ ಅದನ್ನ ನಿಲ್ಲಿಸಿ, ಬಟ್ಟೆ ಮುಚ್ಚವ್ರೆ. ಕೈ ಒಳಗೆ ಹೋದ್ರೆ ತಾನೇ ನಿಲ್ಲೋ ಹೊಸ ಮಿಷನ್ ತಂದವ್ರೆ, ನಾವೆಲ್ಲ ಗಲಾಟೆ ಮಾಡಿದ್ಮೇಲೆ."

ಸ್ಪಂದನಾ ಫೋನಿನ ಹತ್ತಿರ ಬಾಗಿ ಕೇಳಿದಳು. "ಟೀ ಕುಡಿಯೋವಷ್ಟು ಟೈಮಿತ್ತಾ?"

"ಎರಡು ಟೀ ಕುಡಿಯೋವಷ್ಟಿತ್ತು."

ಆಗ ಅತ್ತಳು. ಅಮ್ಮನ ಮಡಿಲಿಗೆ ಹೋಗದೆ, ಎದುರಿಗೇ ಕೂತಿದ್ದ ಅಪ್ಪನ ಮೈಮೇಲೆ ಬಿದ್ದು, ಬಿಕ್ಕಿ ಬಿಕ್ಕಿ ಅತ್ತಳು. ಚನ್ನಲಿಂಗಪ್ಪ ಎದ್ದು ಹಿತ್ತಲಿಗೆ ಹೋಗಿ ಮೂಗು ಸೀಟಿ ಬಂದ. ಅಳು ನಿಂತ ಮೇಲೆ ಅವಳು ಅಪ್ಪನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೊಲಿಗೆಯ ಗುರುತನ್ನೆಲ್ಲ ನಿಧಾನವಾಗಿ ನೋಡಿದಳು.

"ನೋಯ್ತದಾ?"

"ಒಸಿ. ಚಳಿ ಇದ್ರೆ ಜಾಸ್ತಿ."

"ಬೆರಳು ಮತ್ತೆ ಬತ್ತವಾ?"

"ಇಲ್ಲ ಕಣವ್ವ. ಬರಲ್ಲ."

ಅವಳು ಉಳಿದ ಎರಡು ಬೆರಳನ್ನು ಮುಟ್ಟಿ ನೋಡಿದಳು. ನಂತರ ನನ್ನ ಕಡೆ ತಿರುಗಿ, ಆ ದಿನದ ಎರಡನೆಯ ಮಾತನ್ನು ನನ್ನೊಂದಿಗೆ ಆಡಿದಳು. "ಮಿಸ್, ಗೇಣಿಗೆ ಹೆಬ್ಬೆಟ್ಟು, ಕಿರುಬೆಟ್ಟು ಸಾಕಲ್ವಾ?"

ಸಾಕು, ಎಂದೆ. ನನಗೆ ಹೊಳೆಯದೆ ಇದ್ದದ್ದು ಅವಳಿಗೆ ಹೊಳೆದಿತ್ತು.

ಅವರು ನನ್ನ ಎದುರಿಗೇ ಮಂಚ ಅಳೆದರು. ನೀಲಕಂಠನ ಕೈ ಸರಿಯಾಗಿ ಅಗಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ನಯನಾ ಎಂಬ ಹುಡುಗಿ ದಿನಕ್ಕೆ ಐದು ಸಲ ಕೈ ಅಗಲಿಸಿ, ಇಲ್ಲದಿದ್ದರೆ ಚರ್ಮ ಬಿಗಿದುಕೊಳ್ಳುತ್ತದೆ ಎಂದು ಹೇಳಿ ಕಳಿಸಿದ್ದಳು. ಇವನು ಟವೆಲ್ ಒಳಗೆ ಮುಷ್ಟಿ ಮಾಡಿಕೊಂಡು ಕೂತಿದ್ದ. ಹಲ್ಲು ಕಚ್ಚಿ ಅಳೆದ. ಮಂಚ ಹದಿಮೂರು ಗೇಣು ಬಂತು. ದ್ರಾಕ್ಷಾಯಿಣಿಯ ಕೈಯಲ್ಲಿ ಅದೇ ಮಂಚ ಒಂಬತ್ತೂವರೆ. ಸ್ಪಂದನಾಳ ಕೈಯಲ್ಲಿ ಹದಿಮೂರು.

"ಅಪ್ಪಂದೂ ನಂದೂ ಒಂದೇ" ಎಂದು ಅವಳು ಪುಸ್ತಕದ ತೂತಿನ ಪಕ್ಕದಲ್ಲಿ ಬರೆದಳು. ಅಂದಿನ ತಾರೀಖನ್ನೂ ಹಾಕಿದಳು.

ಅಲ್ಲಿಂದ ಅವರ ಮನೆಯಲ್ಲಿ ಹೊಸ ದಿನಚರಿ ಶುರುವಾಯಿತು. ಸಂಜೆ ಶಾಲೆಯಿಂದ ಬಂದ ಕೂಡಲೇ ಸ್ಪಂದನಾ ಅಪ್ಪನಿಗೆ ಎಣ್ಣೆ ಹಚ್ಚಿ ಕೈ ಅಗಲಿಸುತ್ತಿದ್ದಳು. ನಯನಾ ವಿಡಿಯೋ ಕಾಲ್‌ನಲ್ಲಿ, ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಇಬ್ಬರಿಗೂ ಹೇಳಿಕೊಟ್ಟಿದ್ದಳು. ಪ್ರತಿ ಭಾನುವಾರ ಮಂಚದ ಅಳತೆ. ಹನ್ನೆರಡೂವರೆ. ಹನ್ನೆರಡು. ಒಂದು ವಾರ ಮತ್ತೆ ಹನ್ನೆರಡೂವರೆಗೇ ಬಂತು, ಅವತ್ತು ಇಬ್ಬರೂ ಮುಖ ಊದಿಸಿಕೊಂಡು ಕೂತಿದ್ದರಂತೆ. ಮುಂದಿನ ವಾರ ಹನ್ನೊಂದು.

ಊಟವೂ ಬದಲಾಯಿತು. ಅಲ್ಲಿಯವರೆಗೆ ನೀಲಕಂಠ ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಯಾರೂ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಒಬ್ಬನೇ ಉಣ್ಣುತ್ತಿದ್ದ. ಈಗ ನಾಲ್ವರೂ ಒಟ್ಟಿಗೆ ಕೂರತೊಡಗಿದರು. ಚನ್ನಲಿಂಗಪ್ಪ ಒಂದು ಕಾನೂನು ಮಾಡಿದ. ಮನೆಯಲ್ಲಿ ಮಗುವಿಗೆ ಸುಳ್ಳು ಹೇಳಿದವರು ಅವತ್ತು ಎಲ್ಲರ ತಟ್ಟೆ ತೊಳೆಯಬೇಕು. ಮೊದಲ ವಾರ ತಟ್ಟೆ ತೊಳೆದವನು ಅವನೇ. ಬೀಡಿ ಬಿಟ್ಟೆ ಅಂದಿದ್ದ, ಜೇಬಿನಲ್ಲಿ ಸಿಕ್ಕಿತು.

ತಲೆ ಬಾಚುವ ಕೆಲಸ ನೀಲಕಂಠ ತಾನಾಗಿ ಕೈಗೆತ್ತಿಕೊಂಡ. ದ್ರಾಕ್ಷಾಯಿಣಿ ಏಳಕ್ಕೆ ಹೊರಟರೆ ಮಗಳಿಗೆ ಜಡೆ ಹಾಕುವವರಿರಲಿಲ್ಲ. ಎಡಗೈಯಲ್ಲಿ ಎರಡು ಎಳೆ, ಬಲಗೈಯ ಹೆಬ್ಬೆರಳು ಕಿರುಬೆರಳ ನಡುವೆ ಒಂದು ಎಳೆ. ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಿತಂತೆ. ಅವಳು ಶಾಲೆಗೆ ಬಂದಾಗ ಒಂದು ಜಡೆ ಕಿವಿಯ ಮೇಲಿತ್ತು, ಇನ್ನೊಂದು ಕತ್ತಿನ ಹತ್ತಿರ. ಮಕ್ಕಳು ನಕ್ಕರು. ನಾನು ಬಾಯಿ ಹಾಕಬೇಕು ಅನ್ನುವಷ್ಟರಲ್ಲಿ ಸ್ಪಂದನಾ ಎದ್ದು ನಿಂತಳು.

"ನಮ್ಮಪ್ಪ ಹಾಕಿದ್ದು. ಎರಡು ಬೆರಳಲ್ಲಿ. ನಿಮ್ಮಪ್ಪಂಗೆ ಹತ್ತು ಬೆರಳಲ್ಲಿ ಹಾಕಕ್ಕೆ ಬತ್ತದಾ, ಕೇಳ್ಕಂಡು ಬನ್ನಿ."

ನಿಜವಾಗಿ ಕೇಳಿಕೊಂಡು ಬಂದರು. ಒಬ್ಬರಿಗೂ ಬರುತ್ತಿರಲಿಲ್ಲ.

ಎಲ್ಲವೂ ಹೀಗೇ ಏರುತ್ತಾ ಹೋಯಿತು ಅಂದರೆ ನಾನೂ ತಟ್ಟೆ ತೊಳೆಯಬೇಕಾಗುತ್ತದೆ. ಅಕ್ಟೋಬರ್‌ನಲ್ಲಿ ಕಾರ್ಖಾನೆಯಿಂದ ಪತ್ರ ಬಂತು. ಪರಿಹಾರದ ಕಾಗದಪತ್ರವೆಲ್ಲ ಆಗಿತ್ತು, ಆದರೆ ಹಳೆಯ ಕೆಲಸಕ್ಕೆ ಅವನು ತಕ್ಕವನಲ್ಲ, ಬೇಕಾದರೆ ಗೇಟಿನಲ್ಲಿ ಬಂದವರ ಹೆಸರು ಬರೆಸುವ ಕೆಲಸ ಕೊಡುತ್ತೇವೆ ಎಂದಿತ್ತು. ಹನ್ನೊಂದು ವರ್ಷ ಮಿಷನ್ ನಡೆಸಿದವನಿಗೆ ಅದು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಅವನು ಮಂಚ ಹಿಡಿದ. ಜಡೆ ಇಲ್ಲ, ವ್ಯಾಯಾಮ ಇಲ್ಲ, ಟವೆಲ್ ಮತ್ತೆ ಬಂತು.

ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ಶಾಲೆಗೆ ಹೊರಟ ಮಗಳನ್ನು ಅವನು ಹತ್ತಿರ ಕರೆದು ಹೇಳಿದ. "ಸ್ಪಂದನಾ, ನಂಗೆ ಮನ್ಸು ಸರಿ ಇಲ್ಲ. ಕೆಲ್ಸದ ವಿಚಾರಕ್ಕೆ. ನಿನ್ನಿಂದ ಏನೂ ಆಗಿಲ್ಲ. ಒಸಿ ದಿವ್ಸ ಹಿಂಗಿರ್ತೀನಿ, ಆಮೇಲೆ ಸರಿಹೋಯ್ತೀನಿ."

"ಎಷ್ಟು ದಿವ್ಸ?"

"ಗೊತ್ತಿಲ್ಲ ಮಗ."

ಅವಳು ತಾನೇ ತಲೆ ಬಾಚಿಕೊಂಡು ಬಂದಳು. ನಾನು ಏನಾಯಿತು ಎಂದು ಕೇಳಿದಾಗ, "ಅಪ್ಪಂಗೆ ಮನ್ಸು ಸರಿ ಇಲ್ಲ ಮಿಸ್. ನನ್ನಿಂದಲ್ಲ" ಎಂದು ಹೇಳಿ, ಹೋಗಿ ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡಿದಳು. ಉಗುರು ಕಚ್ಚಲಿಲ್ಲ. ಸಂಜೆ ಹೋಂವರ್ಕ್ ತೆಗೆದುಕೊಂಡು ಅಪ್ಪನ ಮಂಚದ ಪಕ್ಕ ಕೂತು ಬರೆದಳಂತೆ. ಆ ಐದು ದಿನ ದಿನವೂ ಹಾಗೆ ಕೂತಳು.

ಆರನೆಯ ದಿನ ಹುಳುಮನೆ ಅವನನ್ನು ಎಬ್ಬಿಸಿತು. ರೇಷ್ಮೆ ಹುಳು ಹಣ್ಣಾಗುವುದು ಎಂದರೆ ಗೂಡು ಕಟ್ಟಲು ಸಿದ್ಧವಾಗುವುದು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿ ಆಡಿಸತೊಡಗುತ್ತವೆ. ಆಗ ಅವನ್ನೆಲ್ಲ ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಾಪೆಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡ ಮಾಡಿದರೆ ನೂಲೆಲ್ಲ ಸೊಪ್ಪಿನ ಪಾಲು. ಸಾವಿರಾರು ಹುಳು, ಸಮಯ ಒಂದು ಹಗಲು. ಆ ಬೆಳಿಗ್ಗೆಯೇ ಚನ್ನಲಿಂಗಪ್ಪನಿಗೆ ಜ್ವರ ಏರಿ ತಲೆ ಎತ್ತಲಾಗಲಿಲ್ಲ. ಕೂಲಿಗೆ ಹೇಳಿದ್ದವರು ಬೇರೆ ಮನೆಯ ಬೆಳೆಗೆ ಹೋಗಿದ್ದರು.

"ನೀಲಕಂಠ" ಎಂದು ಹಾಸಿಗೆಯಿಂದ ಕೂಗಿದ. "ಹುಳ ಹಣ್ಣಾಗ್ಬುಟ್ಟವೆ ಕಣ್ಲಾ."

ನೀಲಕಂಠ ಎದ್ದ. ಹುಳುವಿನ ವಾಸನೆ ಆಗದೆ ಊರು ಬಿಟ್ಟವನು ಹುಳುಮನೆಯ ಬಾಗಿಲು ತೆಗೆದು ಒಳಗೆ ಹೋದ. ದ್ರಾಕ್ಷಾಯಿಣಿ ಬಸ್ಸಿಗೆ ಹೊರಟವಳು ಬ್ಯಾಗನ್ನು ಗೂಟಕ್ಕೆ ನೇತುಹಾಕಿ ಸೂಪರ್‌ವೈಸರಿಗೆ ಫೋನ್ ಮಾಡಿದಳು. ಅವತ್ತು ಶನಿವಾರ, ಅರ್ಧ ದಿನದ ಶಾಲೆ. ಬಿಟ್ಟ ಕೂಡಲೇ ಸ್ಪಂದನಾ ಓಡಿದಳು. ವಿಷಯ ಕೇಳಿ ಅವಳ ಹಿಂದೆ ನಾನೂ ಹೋದೆ. ನನ್ನ ತವರು ಮನೆಯಲ್ಲೂ ಹುಳು ಸಾಕುತ್ತಿದ್ದರು, ಕೈ ಮರೆತಿರಲಿಲ್ಲ.

ನಾವು ಹೋದಾಗ ನೀಲಕಂಠ ಹುಳು ಮೇಯುವ ತಟ್ಟೆಯ ಮುಂದೆ ಮೊಣಕಾಲೂರಿದ್ದ. ಟವೆಲ್ ತಲೆಗೆ ಕಟ್ಟಿದ್ದ. ಐದು ಬೆರಳಲ್ಲಿ ಹಿಡಿದರೆ ಹಣ್ಣಾದ ಹುಳು ನಲುಗುತ್ತದೆ, ಪಕ್ಕದ ಹುಳುವೂ ಜೊತೆಗೆ ಎಳೆದು ಬರುತ್ತದೆ. ಅವನ ಹೆಬ್ಬೆರಳು, ಕಿರುಬೆರಳು ಇಕ್ಕುಳದ ಹಾಗೆ ಇಳಿದು ಒಂದೇ ಒಂದು ಹುಳುವನ್ನು ಮೆತ್ತಗೆ ಎತ್ತಿ ಚಂದ್ರಿಕೆಗೆ ಬಿಡುತ್ತಿದ್ದವು. ಎಡಗೈ ಅದರ ಅರ್ಧ ವೇಗದಲ್ಲಿತ್ತು. ಎರಡು ತಿಂಗಳು ಮಗಳು ಎಣ್ಣೆ ಹಚ್ಚಿ ಎಳೆದ ಕೈ, ಜಡೆ ಹೆಣೆದು ಪಳಗಿದ ಕೈ. ಅವನಿಗೇ ಅದು ಗೊತ್ತಾದದ್ದು ಸ್ವಲ್ಪ ಹೊತ್ತಾದ ಮೇಲೆ. ಕೈ ನಿಲ್ಲಿಸಿ, ಅದನ್ನೇ ಒಂದು ಗಳಿಗೆ ನೋಡಿ, ಮತ್ತೆ ಕೆಲಸಕ್ಕೆ ಹಚ್ಚಿದ.

ಸ್ಪಂದನಾ ಹಳದಿಯಾದ ಹುಳುಗಳನ್ನು ಗುರುತಿಸಿ ತೋರಿಸುತ್ತಿದ್ದಳು, ಅವನು ಎತ್ತುತ್ತಿದ್ದ. "ಇಲ್ಲೊಂದು ಅಪ್ಪ. ಅಗೋ ಅಲ್ಲಿ. ಅದಲ್ಲ, ಅದ್ರ ತಮ್ಮ." ಅವಳ ಬಾಯಿಗೆ ಪುರುಸೊತ್ತಿರಲಿಲ್ಲ. ದ್ರಾಕ್ಷಾಯಿಣಿ ತುಂಬಿದ ಚಂದ್ರಿಕೆಗಳನ್ನು ಹೊರಗೆ ನೆರಳಿಗೆ ಸಾಗಿಸಿದಳು. ಪಡುವಣದಲ್ಲಿ ಹೊತ್ತು ಇಳಿಯುವ ಮುಂಚೆ ಕೊನೆಯ ತಟ್ಟೆ ಖಾಲಿಯಾಯಿತು. ಚನ್ನಲಿಂಗಪ್ಪ ಕಂಬಳಿ ಹೊದ್ದು ಬಾಗಿಲಿಗೆ ಬಂದು, ಸಾಲಾಗಿ ನಿಲ್ಲಿಸಿದ ಚಂದ್ರಿಕೆಗಳನ್ನು ನೋಡಿ, "ನಾನಿದ್ದಿದ್ರೆ ಇಷ್ಟೊತ್ಗೆ ಮುಗೀತಿರ್ನಿಲ್ಲ" ಅಂದ. ಮಗನನ್ನು ಅವನು ಹಾಗೆ ಹೊಗಳಿದ್ದು ಅದೇ ಮೊದಲು ಎಂದು ದ್ರಾಕ್ಷಾಯಿಣಿ ಆಮೇಲೆ ನನಗೆ ಹೇಳಿದಳು.

ಆ ಸಲದ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರು ಮಾಡಿತು. ನೀಲಕಂಠ ಗೇಟಿನ ಕೆಲಸ ಬೇಡವೆಂದು ಕಾರ್ಖಾನೆಗೆ ಬರೆದು ಹಾಕಿದ. ಈಗ ಹುಳುಮನೆಯ ಯಜಮಾನ ಅವನೇ. ಅಪ್ಪ ಸಲಹೆ ಕೊಡುತ್ತಾನೆ, ಇವನು ಅರ್ಧ ಕೇಳುತ್ತಾನೆ. ಮಿಷನ್ ಕೈಬಿಟ್ಟರೂ ಮಿಷನ್ ಬುದ್ಧಿ ಬಿಟ್ಟಿಲ್ಲ. ಹುಳುಮನೆಯ ಬಿಸಿ, ತೇವ ನೋಡಲು ಮೀಟರು ಹಾಕಿದ್ದಾನೆ, ಸೊಪ್ಪು ಕತ್ತರಿಸಲು ಕೈ ಒಳಗೆ ಹೋಗಲು ಜಾಗವೇ ಇಲ್ಲದ ಒಂದು ಯಂತ್ರವನ್ನು ತಾನೇ ಮಾಡಿದ್ದಾನೆ. ಅದನ್ನು ನೋಡಲು ಮಾಗಡಿ ಕಡೆಯಿಂದಲೂ ರೈತರು ಬಂದಿದ್ದರು. ನವೆಂಬರ್ ಕೊನೆಯ ಭಾನುವಾರ ಮಂಚ ಎಂಟೂವರೆ ಗೇಣಿಗೆ ಬಂತು. ಅಮ್ಮನ ಗೇಣನ್ನು ಅಪ್ಪ ದಾಟಿದ ಮಾರನೆಯ ದಿನ ಸ್ಪಂದನಾ ಆ ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟು, ಸಹಿ ಹಾಕಿ ಅಂದಳು. ಹಾಕಿದೆ, ಇಲಾಖೆಯ ಸೀಲನ್ನೂ ಒತ್ತಿದೆ.

ಜನವರಿಯಲ್ಲಿ ನಮ್ಮ ಶಾಲೆಯ ಮೆಟ್ರಿಕ್ ಮೇಳ. ಮಕ್ಕಳು ತೂಕ, ಅಳತೆ ಕಲಿಯಲೆಂದು ಅಂಗಳದಲ್ಲಿ ಸಂತೆ ಹೂಡುತ್ತಾರೆ. ಮನೆಯ ತರಕಾರಿ, ಸೊಪ್ಪು, ಮಾಡಿದ ತಿಂಡಿ ತಂದು ತಾವೇ ತೂಗಿ ಮಾರುತ್ತಾರೆ. ಊರಿನವರೆಲ್ಲ ಗಿರಾಕಿಗಳು. ಸ್ಪಂದನಾ ಹಿತ್ತಲಿನ ಸೊಗಡವರೆ ಕಾಯಿ ತಂದಿದ್ದಳು. ಎರಡು ಜಡೆ, ಎರಡೂ ನೇರ. ಹಿಂದೆ ನೀಲಕಂಠ ಅರೆತೋಳಿನ ಅಂಗಿ ಹಾಕಿಕೊಂಡು, ತಕ್ಕಡಿ ಕಟ್ಟಿಕೊಟ್ಟು ನಿಂತಿದ್ದ.

"ಬನ್ನಿ, ಸೊಗಡವರೆ, ಇಬ್ಬನಿ ಬಿದ್ದಿದ್ದು, ಬನ್ನಿ" ಎಂದು ಅವಳು ಕೂಗಿದ್ದು ಹಾಲಿನ ಡೇರಿಯವರೆಗೆ ಕೇಳಿತು. ಪಕ್ಕದ ಟೊಮೆಟೊ ಹುಡುಗಿ ಕಿವಿ ಮುಚ್ಚಿಕೊಂಡಳು. ಹಾರೋಹಳ್ಳಿಯಿಂದ ಬಸ್ಸು ಹಿಡಿದು ಬಂದಿದ್ದ ರೋಶನ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ ರೇಡಿಯೋ ಅಲ್ವಾ" ಎಂದು ನನ್ನ ತೋಳು ಹಿಡಿದರು. ಹತ್ತು ಗಂಟೆಗೆ ಹೂಡಿದ ಅಂಗಡಿ ಹನ್ನೊಂದಕ್ಕೆ ಖಾಲಿ. ನೀಲಕಂಠ ಮನೆಗೆ ಹೋಗಿ ಇನ್ನೊಂದು ಮೂಟೆ ಹೊತ್ತು ತಂದ.

ಆಗ ಚನ್ನಲಿಂಗಪ್ಪ ಬಿಳಿ ಪಂಚೆ ಉಟ್ಟು, ವಿಭೂತಿ ಧರಿಸಿ, ಗಿರಾಕಿಯ ಗತ್ತಿನಲ್ಲಿ ಬಂದ. ತಾನೇ ಬಿತ್ತಿ ಬೆಳೆದ ಅವರೆಯನ್ನು ಹಿಸುಕಿ ನೋಡಿ, ಒಂದು ಕೆಜಿ ತೂಗಿಸಿದ. ಚೀಲಕ್ಕೆ ಹಾಕಿಸಿಕೊಂಡು, ಕೈ ಚಾಚಿ, "ಕೊಸರು ಹಾಕವ್ವ" ಅಂದ.

"ಕೊಸರಿಲ್ಲ ತಾತ. ಒಂದು ಕೆಜಿ ಅಂದ್ರೆ ಒಂದು ಕೆಜಿ."

"ನಿಮ್ಮಜ್ಜಿ ಕಾಲದಿಂದ್ಲೂ ಒಂದು ಹಿಡಿ ಕೊಸರು ಹಾಕೋದು ಪದ್ಧತಿ."

"ಇದು ಮೆಟ್ರಿಕ್ ಮೇಳ. ಮುಂದೆ ಹೋಗಿ, ಹಿಂದೆ ಜನ ನಿಂತವ್ರೆ."

ಚನ್ನಲಿಂಗಪ್ಪ ಚೀಲ ಹೆಗಲಿಗೇರಿಸಿಕೊಂಡು ಅಂಗಳದ ತುಂಬ ಸುತ್ತಿದ. ಎದುರಿಗೆ ಸಿಕ್ಕ ಗೆಳೆಯ ಪುಟ್ಟಸ್ವಾಮಿಯನ್ನು ತಡೆದು ನಿಲ್ಲಿಸಿ, ಚೀಲದ ಬಾಯಿ ಬಿಚ್ಚಿ ತೋರಿಸಿದ. "ನನ್ ಮನೆ ಅವರೆ, ನಂಗೇ ಮಾರವ್ಳೆ ಕಣ್ಲಾ, ಒಂದು ಕಾಯಿ ಜಾಸ್ತಿ ಹಾಕ್ನಿಲ್ಲ" ಎಂದ. ಸಂಜೆವರೆಗೆ ಊರಿನಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿದ.